ಹಾಡು ಒಬ್ಬರದು, ಕೊರಳು ಇನ್ನೊಬ್ಬರದು: ಜಾಝ್ ‘ಸಾಂಗ್‌ಬುಕ್’ ಅಂದರೆ ಏನು?

2021ರಲ್ಲಿ ಪಾಪ್ ಗಾಯಕಿ ಲೇಡಿ ಗಾಗಾ ಮತ್ತು ಹಿರಿಯ ಜಾಝ್ ಗಾಯಕ ಟೋನಿ ಬೆನೆಟ್ ಸೇರಿ ‘ಲವ್ ಫಾರ್ ಸೇಲ್’ ಅನ್ನುವ ಆಲ್ಬಮ್ ತಂದರು. ಆಗ ಬೆನೆಟ್‌ಗೆ 95 ವರ್ಷ. ಮರೆವಿನ ಕಾಯಿಲೆ ಅಲ್ಝೈಮರ್ಸ್ ಇದೆಯೆಂದು ಮನೆಯವರು ಅದೇ ವರ್ಷ ಹೇಳಿದ್ದರು. 2023ರ ಜುಲೈನಲ್ಲಿ ಅವರು ತೀರಿಕೊಂಡರು. ಹಾಗಾಗಿ ಅದೇ ಅವರ ಕೊನೆಯ ಆಲ್ಬಮ್. ಗಾಗಾ ಹೆಸರು ನೋಡಿ ಕೇಳಲು ಕೂತ ಎಷ್ಟೋ ಹುಡುಗರಿಗೆ ಜಾಝ್ ಹಾಡು ಕಿವಿಗೆ ಬಿದ್ದದ್ದು ಅದೇ ಮೊದಲು.

ನಮ್ಮ ಮನೆಯಲ್ಲೂ ಹಾಗೇ ಆಯಿತು. ಅಕ್ಕನ ಮಗ ಫೋನಿನಲ್ಲಿ ಆಲ್ಬಮ್ಮಿನ ವಿವರ ಓದುತ್ತಾ ಕೇಳಿದ: “ಮಾಮ, ಹಾಡ್ತಿರೋದು ಇವರಿಬ್ರು. ಎಲ್ಲಾ ಕಡೆ ಕೋಲ್ ಪೋರ್ಟರ್, ಕೋಲ್ ಪೋರ್ಟರ್ ಅಂತ ಬರೆದಿದ್ದಾರಲ್ಲ, ಅವನು ಯಾರು? ಅವನ್ಯಾಕೆ ಹಾಡ್ತಿಲ್ಲ?”

ಒಳ್ಳೆ ಪ್ರಶ್ನೆ. ಅದಕ್ಕೆ ಉತ್ತರ ಹೇಳಬೇಕಾದರೆ 1956ಕ್ಕೆ ಹೋಗಬೇಕು. ಆ ವರ್ಷ ಎಲಾ ಫಿಟ್ಜೆರಾಲ್ಡ್ ಎಂಬ ಗಾಯಕಿ ಕೋಲ್ ಪೋರ್ಟರ್ ಬರೆದ 32 ಹಾಡುಗಳನ್ನು ಒಟ್ಟಿಗೆ ಹಾಡಿ, ಎರಡು ರೆಕಾರ್ಡಿನ ಒಂದು ಆಲ್ಬಮ್ ಮಾಡಿದರು. ಹೆಸರಿನಲ್ಲೇ ‘ಕೋಲ್ ಪೋರ್ಟರ್ ಸಾಂಗ್ ಬುಕ್’ ಎಂದಿತ್ತು. 2026ಕ್ಕೆ ಅದಕ್ಕೆ 70 ವರ್ಷ. ‘ಇಂಥವರು ಇಂಥವರ ಹಾಡು ಹಾಡಿದ್ದಾರೆ’ ಎಂಬ ಜಾಝ್ ಆಲ್ಬಮ್ ಯಾವುದೇ ಇರಲಿ, ಅದರ ಹಿಂದೆ ಈ ಎರಡು ರೆಕಾರ್ಡುಗಳ ನೆರಳಿದೆ.

## ಮೊದಲು ಒಂದು ಗೊಂದಲ ಬಿಡಿಸೋಣ

ನಮಗೆ ಹಾಡು ಅಂದರೆ ಸಾಮಾನ್ಯವಾಗಿ ಸಿನಿಮಾ ಹಾಡು. ಅದು ನೆನಪಾದಾಗ ಒಂದು ದನಿಯೂ ಜೊತೆಗೇ ಬರುತ್ತದೆ. ಅದೇ ಹಾಡನ್ನು ಬೇರೆಯವರು ಹಾಡಿದರೆ ‘ಒರಿಜಿನಲ್ ಥರ ಇಲ್ಲ’ ಅನ್ನುತ್ತೇವೆ. ಹಾಡು ಮತ್ತು ರೆಕಾರ್ಡಿಂಗ್ ನಮ್ಮ ತಲೆಯಲ್ಲಿ ಬೆಸೆದುಕೊಂಡುಬಿಟ್ಟಿವೆ.

ಆದರೆ ದಾಸರ ಪದಗಳನ್ನು ನೆನಪಿಸಿಕೊಳ್ಳಿ. ಪುರಂದರದಾಸರ ಒಂದೇ ಪದವನ್ನು ಕಛೇರಿಯಲ್ಲಿ ಒಬ್ಬರು ಒಂದು ರಾಗದಲ್ಲಿ ಹಾಡುತ್ತಾರೆ, ಭಜನಾ ಮಂಡಳಿಯವರು ಇನ್ನೊಂದು ಧಾಟಿಯಲ್ಲಿ, ಭೀಮಸೇನ ಜೋಶಿ ಹಿಂದುಸ್ತಾನಿ ಶೈಲಿಯಲ್ಲಿ. ಇದರಲ್ಲಿ ‘ಒರಿಜಿನಲ್’ ಯಾವುದು ಎಂದು ಯಾರೂ ಕೇಳುವುದಿಲ್ಲ. ಪದ ಬೇರೆ, ಹಾಡಿಕೆ ಬೇರೆ ಅಂತ ನಮಗೆ ಗೊತ್ತು.

1920ರಿಂದ 1950ರ ತನಕದ ಅಮೆರಿಕದ ಜನಪ್ರಿಯ ಹಾಡುಗಳೂ ಹೆಚ್ಚು ಕಡಿಮೆ ಹೀಗೇ ಇದ್ದವು. ನ್ಯೂಯಾರ್ಕಿನ ಬ್ರಾಡ್‌ವೇ ಬೀದಿಯ ಸಂಗೀತ ನಾಟಕಗಳಿಗೆ, ಹಾಲಿವುಡ್ ಸಿನಿಮಾಗಳಿಗೆ ಹಾಡು ಬರೆಯುವುದೇ ಕೆಲವರ ಕಸುಬು. ಅವರು ಹಾಡುತ್ತಿರಲಿಲ್ಲ. ಬರೆದದ್ದು ಸ್ವರಲಿಪಿಯ ಹಾಳೆಯಾಗಿ ಅಚ್ಚಾಗುತ್ತಿತ್ತು. ಮನೆಯಲ್ಲಿ ಪಿಯಾನೊ ಇದ್ದವರು ಆ ಹಾಳೆ ಕೊಂಡು ತಾವೇ ನುಡಿಸಿಕೊಂಡು ಹಾಡುತ್ತಿದ್ದರು. ಹಾಡು ಗೆದ್ದರೆ ಹತ್ತಾರು ಗಾಯಕರು, ಬ್ಯಾಂಡಿನವರು ಅದನ್ನು ರೆಕಾರ್ಡ್ ಮಾಡುತ್ತಿದ್ದರು.

ನಾಟಕ ಮರೆತುಹೋದ ಮೇಲೂ ಉಳಿದು, ಎಲ್ಲ ಜಾಝ್ ಕಲಾವಿದರಿಗೂ ಬಾಯಿಪಾಠ ಆಗಿರುವ ಇಂಥ ಹಾಡಿಗೆ ‘ಸ್ಟ್ಯಾಂಡರ್ಡ್’ ಎಂದು ಹೆಸರು. ಒಬ್ಬ ರಚನಕಾರನ ಸ್ಟ್ಯಾಂಡರ್ಡುಗಳನ್ನು ಆರಿಸಿ ಒಂದೇ ಕಡೆ ಹಾಡಿದರೆ ಅದು ‘ಸಾಂಗ್‌ಬುಕ್’ ಆಲ್ಬಮ್.

## ಹಾಡಿನ ಮೂಳೆ ಹೇಗಿರುತ್ತದೆ

ನಮ್ಮ ಕೀರ್ತನೆಗೆ ಪಲ್ಲವಿ, ಅನುಪಲ್ಲವಿ, ಚರಣ ಇದ್ದ ಹಾಗೆ ಈ ಹಾಡುಗಳಿಗೂ ಒಂದು ಕಟ್ಟು ಇದೆ. ಮೊದಲು ‘ವರ್ಸ್’. ಇದು ಪೀಠಿಕೆ. ನಾಟಕದಲ್ಲಿ ಪಾತ್ರ ಮಾತು ನಿಲ್ಲಿಸಿ ಹಾಡಿಗೆ ಇಳಿಯುವಾಗ ಬೇಕಾಗುವ ಮೆಟ್ಟಿಲು. ಆಮೇಲೆ ‘ಕೋರಸ್’. ನಮಗೆ ಕೋರಸ್ ಅಂದರೆ ಹಿಂದೆ ನಿಂತು ಹಾಡುವ ಗುಂಪು. ಇಲ್ಲಿ ಹಾಗಲ್ಲ, ಹಾಡಿನ ಮುಖ್ಯ ಭಾಗಕ್ಕೇ ಕೋರಸ್ ಅನ್ನುತ್ತಾರೆ.

ಕೋರಸ್ ಬಹುತೇಕ 32 ‘ಬಾರ್’ ಉದ್ದ. ಒಂದು ‘ಬಾರ್’ ಅಂದರೆ ಸಾಮಾನ್ಯವಾಗಿ ತಾಳದ ನಾಲ್ಕು ಎಣಿಕೆ. ಒಟ್ಟು 128 ಎಣಿಕೆ, ಅಂದರೆ ಆದಿತಾಳದ 16 ಆವರ್ತನ. ತುಂಬಾ ಸಲ ಇದನ್ನು ನಾಲ್ಕು ತುಂಡು ಮಾಡಿರುತ್ತಾರೆ. ಮೊದಲ ತುಂಡಿನ ರಾಗವೇ ಎರಡನೆಯದಕ್ಕೂ. ಮೂರನೆಯದು ಬೇರೆ ದಾರಿ ಹಿಡಿಯುತ್ತದೆ. ನಾಲ್ಕನೆಯದು ಮತ್ತೆ ಮನೆಗೆ.

ಈ 32 ಬಾರುಗಳ ಕೆಳಗೆ ‘ಕಾರ್ಡ್’ಗಳ ಸಾಲು ಇರುತ್ತದೆ. ಹಾರ್ಮೋನಿಯಂ ಮೇಲೆ ಮೂರು ನಾಲ್ಕು ಮನೆಗಳನ್ನು ಒಟ್ಟಿಗೆ ಒತ್ತಿದರೆ ಬರುವ ನಾದವೇ ಕಾರ್ಡ್. ನಮ್ಮಲ್ಲಿ ಶ್ರುತಿ ಕದಲದೆ ನಿಂತಿರುತ್ತದೆ. ಅದರ ಮೇಲೆ ರಾಗ ಓಡಾಡುತ್ತದೆ. ಅವರಲ್ಲಿ ಕೆಳಗಿನ ನೆಲವೂ ಒಂದೆರಡು ‘ಬಾರ್’ಗಳಿಗೊಮ್ಮೆ ಸರಿಯುತ್ತದೆ. ಜಾಝ್ ಕೇಳುವಾಗ ‘ಏನೋ ಜಾರಿದಂತೆ’ ಅನ್ನಿಸುವುದು ಇದಕ್ಕೇ.

ಜಾಝ್ ಮಾಡುವುದು ಇಷ್ಟು. ಮೊದಲ ಸಲ ಹಾಡನ್ನು ಇದ್ದ ಹಾಗೆ ಒಪ್ಪಿಸುತ್ತಾರೆ. ಎರಡನೆಯ ಸುತ್ತಿನಲ್ಲಿ ಕಾರ್ಡುಗಳ ಸಾಲು ಅದೇ, ಆದರೆ ಮೇಲಿನ ರಾಗವನ್ನು ಕಲಾವಿದರು ಅಲ್ಲೇ ಹುಟ್ಟಿಸುತ್ತಾರೆ. ಕಛೇರಿಯಲ್ಲಿ ನೆರವಲ್ ಕೇಳಿದವರಿಗೆ ಇದು ಹೊಸದಲ್ಲ. ಕೊನೆಗೆ ಮೂಲ ಹಾಡಿಗೆ ಮರಳುತ್ತಾರೆ.

ಹಾಡುವವರ ಕೈಯಲ್ಲಿ ಮೂರು ಆಟ ಇವೆ. ಒಂದು, ಸಾಲನ್ನು ತಾಳಕ್ಕಿಂತ ತುಸು ತಡವಾಗಿ ಎತ್ತಿಕೊಂಡು, ಆಮೇಲೆ ಬೇಗ ಬೇಗ ಹೋಗಿ ಸೇರಿಕೊಳ್ಳುವುದು. ಇನ್ನೊಂದು ‘ಸ್ವಿಂಗ್’. ಒಂದು ಎಣಿಕೆಯನ್ನು ಎರಡು ಸಮಭಾಗ ಮಾಡದೆ ಮೊದಲದ್ದನ್ನು ಉದ್ದ, ಎರಡನೆಯದನ್ನು ಗಿಡ್ಡ ಮಾಡಿ ಹಾಡುವುದು. ಕಾಲು ತಾನಾಗೇ ಅಲ್ಲಾಡುವುದು ಅದರಿಂದ. ಮೂರನೆಯದು ‘ಸ್ಕ್ಯಾಟ್’. ಮಾತು ಬಿಟ್ಟು ಬರೀ ಅಕ್ಷರಗಳಲ್ಲಿ, ವಾದ್ಯದ ಹಾಗೆ ಹಾಡುವುದು. ನಮ್ಮ ತಿಲ್ಲಾನದ ‘ಧೀಂ ತನನ’ ಇದ್ದಂತೆ, ಆದರೆ ಮೊದಲೇ ಕಟ್ಟಿಟ್ಟದ್ದಲ್ಲ.

## ಬರೆದವನು ಯಾರು

ಕೋಲ್ ಪೋರ್ಟರ್ ಹುಟ್ಟಿದ್ದು 1891ರಲ್ಲಿ, ಪೆರು ಎಂಬ ಊರಿನಲ್ಲಿ. ದಕ್ಷಿಣ ಅಮೆರಿಕದ ದೇಶ ಅಲ್ಲ, ಇಂಡಿಯಾನಾ ರಾಜ್ಯದ ಸಣ್ಣ ಪಟ್ಟಣ. ತಾತ ಭಾರೀ ಶ್ರೀಮಂತ. ಹುಡುಗ ಯೇಲ್ ವಿಶ್ವವಿದ್ಯಾಲಯದಲ್ಲಿ ಓದಿ, ಪ್ಯಾರಿಸ್, ವೆನಿಸ್ ಅಂತ ಸುತ್ತಿದ. ಹೊಟ್ಟೆಪಾಡಿಗೆ ಹಾಡು ಬರೆಯಬೇಕಾದ ಗತಿ ಅವನಿಗೆ ಇರಲೇ ಇಲ್ಲ.

ಆ ಕಾಲದ ಹಾಡುಗಳಲ್ಲಿ ಮಾತು ಒಬ್ಬರು, ರಾಗ ಇನ್ನೊಬ್ಬರು ಮಾಡುವುದು ರೂಢಿ. ರಿಚರ್ಡ್ ರಾಜರ್ಸ್ ಮತ್ತು ಲೊರೆಂಜ್ ಹಾರ್ಟ್ ಒಂದು ಜೋಡಿ, ಜಾರ್ಜ್ ಮತ್ತು ಐರಾ ಗರ್ಶ್ವಿನ್ ಇನ್ನೊಂದು. ಪೋರ್ಟರ್ ಎರಡನ್ನೂ ತಾನೇ ಬರೆದ. ಹಾಗಾಗಿ ಅವನ ಹಾಡಿನಲ್ಲಿ ಮಾತು ಮತ್ತು ಸ್ವರ ಒಂದಕ್ಕೊಂದು ಕಣ್ಣು ಮಿಟುಕಿಸುತ್ತವೆ. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ‘ಎವ್ರಿ ಟೈಮ್ ವಿ ಸೇ ಗುಡ್‌ಬೈ’. ಅದರಲ್ಲಿ ಪ್ರೇಮಿ ಒಂದು ಕಡೆ, ಮೇಜರ್‌ನಿಂದ ಮೈನರ್‌ಗೆ ತಿರುಗುವುದು ಎಷ್ಟು ವಿಚಿತ್ರ ಎನ್ನುತ್ತಾಳೆ. ಅದೇ ಮಾತು ಬರುವಾಗ ಕೆಳಗಿನ ಕಾರ್ಡ್ ನಿಜವಾಗಿಯೂ ಮೇಜರ್‌ನಿಂದ ಮೈನರ್‌ಗೆ ತಿರುಗುತ್ತದೆ.

ಮೇಜರ್, ಮೈನರ್ ಅಂದರೇನು? ಸ, ಗ, ಪ ಮೂರನ್ನೂ ಒಟ್ಟಿಗೆ ನುಡಿಸಿ. ಶಂಕರಾಭರಣದ ಅಂತರ ಗಾಂಧಾರ ಇದ್ದರೆ ಅದು ಮೇಜರ್ ಕಾರ್ಡ್. ಗಾಂಧಾರವನ್ನು ಒಂದೇ ಮನೆ ಕೆಳಗಿಳಿಸಿ ಸಾಧಾರಣ ಗಾಂಧಾರ ಮಾಡಿ. ಅದು ಮೈನರ್. ಬದಲಾಗಿದ್ದು ಒಂದೇ ಸ್ವರ, ಆದರೆ ಮುಖದ ಮೇಲಿನ ಬೆಳಕು ಆರಿದ ಹಾಗಿರುತ್ತದೆ. ಬೀಳ್ಕೊಡುವ ಹೊತ್ತಿಗೆ ಅದಕ್ಕಿಂತ ಬೇರೆ ಏನು ಬೇಕು?

ಅವನ ಇನ್ನೊಂದು ಮುಖ ತಮಾಷೆ. 1934ರ ‘ಯು ಆರ್ ದ ಟಾಪ್’ ಹಾಡಿನಲ್ಲಿ ಪ್ರೇಮಿಗಳು ಪರಸ್ಪರ ಹೊಗಳಲು ಜಗತ್ತಿನ ಶ್ರೇಷ್ಠ ವಸ್ತುಗಳನ್ನೆಲ್ಲ ಪಟ್ಟಿ ಮಾಡುತ್ತಾರೆ. ಆ ಪಟ್ಟಿಯಲ್ಲಿ ನಮ್ಮ ಮಹಾತ್ಮ ಗಾಂಧಿಯೂ ಇದ್ದಾರೆ. ಗಾಂಧಿ ಎಂಬ ಹೆಸರಿಗೆ ಪೋರ್ಟರ್ ಹುಡುಕಿದ ಪ್ರಾಸ ಏನು ಗೊತ್ತಾ? ಬ್ರಾಂಡಿ! ಮದ್ಯಪಾನದ ವಿರುದ್ಧ ಜೀವಮಾನವೆಲ್ಲ ಹೋರಾಡಿದವರ ಪಕ್ಕದಲ್ಲೇ ಬ್ರಾಂಡಿ ಬಾಟಲಿ ಇಟ್ಟುಬಿಟ್ಟ ಪುಣ್ಯಾತ್ಮ.

1937ರಲ್ಲಿ ಸವಾರಿ ಮಾಡುವಾಗ ಕುದುರೆ ಅವನ ಮೇಲೆ ಬಿದ್ದು ಎರಡೂ ಕಾಲು ಜಜ್ಜಿಹೋದವು. ಮುಂದೆ ಬದುಕಿದಷ್ಟು ದಿನ ನೋವು, ಒಂದರ ಮೇಲೊಂದು ಆಪರೇಷನ್. ಆದರೂ 1948ರಲ್ಲಿ ‘ಕಿಸ್ ಮಿ, ಕೇಟ್’ ನಾಟಕ ಕೊಟ್ಟ. ಅದು ಬ್ರಾಡ್‌ವೇಯಲ್ಲಿ 1,077 ಪ್ರದರ್ಶನ ಕಂಡಿತು. 1958ರಲ್ಲಿ ಬಲಗಾಲನ್ನು ತೆಗೆದ ಮೇಲೆ ಮಾತ್ರ ಮತ್ತೆ ಹಾಡು ಬರೆಯಲಿಲ್ಲ. 1964ರಲ್ಲಿ ತೀರಿಕೊಂಡ.

## ಹಾಡಿದವರು ಯಾರು

ಎಲಾ ಹುಟ್ಟಿದ್ದು 1917ರಲ್ಲಿ, ವರ್ಜೀನಿಯಾ ರಾಜ್ಯದಲ್ಲಿ. ಕಪ್ಪು ಜನಾಂಗದ ಬಡ ಮನೆ. ಹರೆಯದಲ್ಲೇ ತಾಯಿ ಹೋದರು. ಕೆಲ ಕಾಲ ಸರ್ಕಾರಿ ಸುಧಾರಣಾ ಶಾಲೆ, ಕೆಲ ಕಾಲ ಬೀದಿ. 1934ರ ನವೆಂಬರಿನಲ್ಲಿ, 17ನೇ ವಯಸ್ಸಿನಲ್ಲಿ, ನ್ಯೂಯಾರ್ಕಿನ ಅಪೊಲೊ ಥಿಯೇಟರಿನ ಹವ್ಯಾಸಿಗಳ ಸ್ಪರ್ಧೆಗೆ ಹೋದರು. ಹೋಗಿದ್ದು ಕುಣಿಯಲು. ತಮಗಿಂತ ಮೊದಲು ಕುಣಿದವರನ್ನು ನೋಡಿ ಧೈರ್ಯ ಕುಸಿಯಿತು. ಸರಿ, ಹಾಡಿಬಿಡೋಣ ಎಂದು ಹಾಡಿದರು. ಗೆದ್ದರು.

ಆಮೇಲೆ ಡ್ರಮ್ಮರ್ ಚಿಕ್ ವೆಬ್‌ನ ಬ್ಯಾಂಡು. 1940ರ ದಶಕದಲ್ಲಿ ‘ಬೀಬಾಪ್’ ಎಂಬ ಬಿರುಸಿನ, ಹೊಸ ಜಾಝ್ ಬಂದಾಗ ಎಲಾ ಅದನ್ನೂ ಅರಗಿಸಿಕೊಂಡರು. ಸ್ಕ್ಯಾಟ್‌ನಲ್ಲಿ ಅವರನ್ನು ಮೀರಿಸುವವರಿಲ್ಲ ಅನ್ನಿಸಿಕೊಂಡರು. ಆದರೆ ಅದೇ ಒಂದು ಚೌಕಟ್ಟಾಯಿತು. ಬರೀ ಬೀಬಾಪ್ ಹಾಡುತ್ತಾ ಹೋದರೆ ಮುಂದೆ ದಾರಿ ಇಲ್ಲ ಅನ್ನಿಸಿತ್ತು ಎಂದು ಅವರೇ ಆಮೇಲೆ ಹೇಳಿಕೊಂಡಿದ್ದಾರೆ.

ಆ ಹೊತ್ತಿಗೆ ಬಂದವರು ನಾರ್ಮನ್ ಗ್ರ್ಯಾಂಜ್. ಜಾಝ್ ಕಛೇರಿಗಳನ್ನು ಊರೂರಿಗೆ ಒಯ್ಯುತ್ತಿದ್ದ ವ್ಯವಸ್ಥಾಪಕ. ಬಿಳಿಯರು, ಕಪ್ಪುಜನ ಬೇರೆ ಬೇರೆ ಕೂರುವ ಸಭಾಂಗಣದಲ್ಲಿ ಕಾರ್ಯಕ್ರಮ ಮಾಡಲ್ಲ ಎಂದು ಹಟ ಹಿಡಿಯುತ್ತಿದ್ದವರು. ಅವರು ಎಲಾ ಅವರ ಮ್ಯಾನೇಜರ್ ಆದರು, ‘ವರ್ವ್’ ಎಂಬ ಹೊಸ ರೆಕಾರ್ಡ್ ಕಂಪನಿ ತೆರೆದರು. ಪೋರ್ಟರ್ ಹಾಡುಗಳ ಯೋಚನೆ ಅವರದೇ.

## 1956ರಲ್ಲಿ ಏನು ಮಾಡಿದರು

ಮೊದಲಿಗೆ, ಇದು ಸಾಧ್ಯವಾಗಿದ್ದು ಒಂದು ವಸ್ತುವಿನಿಂದ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ರೆಕಾರ್ಡಿನ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷ, ಒಂದು ಹಾಡು. ನಾಲ್ಕಾರು ರೆಕಾರ್ಡುಗಳನ್ನು ಫೋಟೊ ಆಲ್ಬಮ್ಮಿನಂಥ ರಟ್ಟಿನ ಪುಸ್ತಕದಲ್ಲಿ ಸೇರಿಸಿ ಮಾರುತ್ತಿದ್ದರು. ಹಾಡುಗಳ ಗುಚ್ಛಕ್ಕೆ ‘ಆಲ್ಬಮ್’ ಎಂಬ ಹೆಸರು ಬಂದಿದ್ದೇ ಹಾಗೆ. 1939ರಷ್ಟು ಹಿಂದೆಯೇ ಲೀ ವೈಲಿ ಎಂಬ ಗಾಯಕಿ ಒಬ್ಬೊಬ್ಬ ರಚನಕಾರನ ಹಾಡುಗಳನ್ನು ಹೀಗೆ ಗುಚ್ಛ ಮಾಡಿ ಹಾಡಿದ್ದರು. ಎಲಾ ಕೂಡ 1950ರಲ್ಲಿ ಬರೀ ಪಿಯಾನೊ ಜೊತೆ ಗರ್ಶ್ವಿನ್ ಹಾಡುಗಳ ಚಿಕ್ಕ ರೆಕಾರ್ಡ್ ಮಾಡಿದ್ದರು. ಅಂದರೆ ಕಲ್ಪನೆ ಹೊಸದಲ್ಲ. 1948ರಲ್ಲಿ ಎಲ್‌ಪಿ (ಲಾಂಗ್ ಪ್ಲೇ) ಎಂಬ ಹೊಸ ಬಗೆಯ ರೆಕಾರ್ಡ್ ಬಂದು ಒಂದು ಮಗ್ಗುಲಿಗೆ 20 ನಿಮಿಷಕ್ಕೂ ಜಾಸ್ತಿ ಹಿಡಿಸುವಂತಾದ ಮೇಲೆ ಅದಕ್ಕೆ ದೊಡ್ಡ ಅಂಗಳ ಸಿಕ್ಕಿತು.

ರೆಕಾರ್ಡಿಂಗ್ ನಡೆದದ್ದು 1956ರ ಫೆಬ್ರವರಿ ಮತ್ತು ಮಾರ್ಚ್‌ನಲ್ಲಿ, ಹಾಲಿವುಡ್‌ನಲ್ಲಿ. ವಾದ್ಯಗಳಿಗೆ ಯಾರು ಎಲ್ಲಿ ಏನು ನುಡಿಸಬೇಕೆಂದು ಬರೆದುಕೊಡುವ ‘ಅರೇಂಜರ್’ ಬಡಿ ಬ್ರೆಗ್ಮನ್. ವಯಸ್ಸು ಬರೀ 25. ಕೆಲವು ಹಾಡಿಗೆ ಪಿಟೀಲುಗಳ ದೊಡ್ಡ ತಂಡ, ಕೆಲವಕ್ಕೆ ಟ್ರಂಪೆಟ್, ಸ್ಯಾಕ್ಸೊಫೋನ್ ತುಂಬಿದ ಬಿಗ್ ಬ್ಯಾಂಡ್, ಇನ್ನು ಕೆಲವಕ್ಕೆ ನಾಲ್ಕೇ ಜನ.

ಈಗ ಮುಖ್ಯ ವಿಷಯ. ಸ್ಕ್ಯಾಟ್ ರಾಣಿ ಎನಿಸಿಕೊಂಡಿದ್ದ ಎಲಾ ಈ ಆಲ್ಬಮ್ಮಿನಲ್ಲಿ ತಮ್ಮ ದೊಡ್ಡ ಅಸ್ತ್ರವನ್ನು ಬತ್ತಳಿಕೆಯಲ್ಲೇ ಇಟ್ಟರು. ಹಾಡನ್ನು ಮುರಿದು ಕಟ್ಟಲಿಲ್ಲ. ಎಲ್ಲರೂ ಬಿಟ್ಟುಬಿಡುತ್ತಿದ್ದ ಪೀಠಿಕೆಯ ವರ್ಸನ್ನು ಹಲವು ಕಡೆ ಹುಡುಕಿ ತಂದು ಹಾಡಿದರು. ‘ಎನಿಥಿಂಗ್ ಗೋಸ್’ ಕೇಳಿದರೆ ಗೊತ್ತಾಗುತ್ತದೆ. ಪ್ರಾಸ ತಮಾಷೆಯದಾಗಿದ್ದರೆ ಅದು ಕೇಳುವವರಿಗೆ ಮುಟ್ಟುವಷ್ಟು ಬಿಡಿಸಿ ಹೇಳಿದರು. ಇಂಗ್ಲಿಷ್ ಹಾಡು ಅರ್ಥವಾಗಲ್ಲ ಅನ್ನುವ ನನ್ನಂಥವರಿಗೂ ಅರ್ಧಕ್ಕಿಂತ ಜಾಸ್ತಿ ಮಾತು ತಿಳಿಯುತ್ತದೆ.

ಹಾಗಾದರೆ ಇದರಲ್ಲಿ ಜಾಝ್ ಎಲ್ಲಿದೆ? ಕೆಲವರು ಆಗಲೂ ಈಗಲೂ ಕೇಳುವ ಪ್ರಶ್ನೆ ಇದು. ಜಾಝ್ ಇರುವುದು ಸಣ್ಣ ಸಣ್ಣ ಜಾಗಗಳಲ್ಲಿ. ಸಾಲಿನ ಕೊನೆಯ ಅಕ್ಷರವನ್ನು ಕೂದಲೆಳೆಯಷ್ಟು ತಡ ಮಾಡುವುದರಲ್ಲಿ. ಎರಡನೇ ಸಲ ಅದೇ ಸಾಲು ಬಂದಾಗ ಒಂದೇ ಒಂದು ಸ್ವರ ಬದಲಿಸುವುದರಲ್ಲಿ. ಮಸಾಲೆ ಕಾಣದಂತೆ ಅರೆದು ಹಾಕಿದ ಸಾರಿನ ಹಾಗೆ.

ಹೋಲಿಸಿ ನೋಡಲು ಒಂದು ಒಳ್ಳೆಯ ದಾರಿ ಇದೆ. ‘ಐವ್ ಗಾಟ್ ಯು ಅಂಡರ್ ಮೈ ಸ್ಕಿನ್’ ಹಾಡನ್ನು ಅದೇ 1956ರ ಜನವರಿಯಲ್ಲಿ ಗಾಯಕ ಫ್ರ್ಯಾಂಕ್ ಸಿನಾತ್ರಾ ರೆಕಾರ್ಡ್ ಮಾಡಿದ್ದರು. ಅವರ ಹಾಡಿಕೆ ಮೆಲ್ಲಗೆ ಶುರುವಾಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನಡುವೆ ತುತ್ತೂರಿಯಂಥ ವಾದ್ಯ ಟ್ರಾಂಬೋನ್ ಕಟ್ಟೆಯೊಡೆದ ಹಾಗೆ ನುಗ್ಗುತ್ತದೆ. ಅದು ಸಿನಾತ್ರಾ ಹಾಡು ಆಗಿಬಿಡುತ್ತದೆ. ಎಲಾ ಹಾಡಿದ್ದು ಪೋರ್ಟರ್ ಹಾಡಾಗಿಯೇ ಉಳಿಯುತ್ತದೆ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಯಾವುದು ಮೇಲು ಅಂತ ಜಗಳ ಬೇಡ, ಆದರೆ ವ್ಯತ್ಯಾಸ ಕಿವಿಗೆ ಕಾಣುತ್ತದೆ.

ನನಗೆ ಹೆಚ್ಚು ಕಾಡುವುದು ‘ಮಿಸ್ ಓಟಿಸ್ ರಿಗ್ರೆಟ್ಸ್’. ಪಿಯಾನೊ ಬಿಟ್ಟರೆ ಬೇರೆ ವಾದ್ಯ ಇಲ್ಲ. ಮನೆಯ ಸೇವಕ ಅತಿಥಿಗೆ ವಿನಯದಿಂದ ತಿಳಿಸುತ್ತಿದ್ದಾನೆ: ಮಿಸ್ ಓಟಿಸ್ ಅವರು ಇವತ್ತು ಊಟಕ್ಕೆ ಬರಲಾಗುತ್ತಿಲ್ಲ, ಕ್ಷಮಿಸಬೇಕು. ಯಾಕೆ? ಕೈಕೊಟ್ಟ ಪ್ರಿಯಕರನಿಗೆ ಆಕೆ ಗುಂಡು ಹಾರಿಸಿದ್ದಾಳೆ, ಜನರ ಗುಂಪು ಜೈಲಿನಿಂದ ಎಳೆತಂದು ಆಕೆಯನ್ನು ಮರಕ್ಕೆ ನೇಣು ಹಾಕಿದೆ. ಪೋರ್ಟರ್ ಇದನ್ನು ಶ್ರೀಮಂತರ ನಯನಾಜೂಕಿನ ಬಗ್ಗೆ ಕರಾಳ ತಮಾಷೆಯಾಗಿ ಬರೆದ. ಗುಂಪು ಸೇರಿ ಕಪ್ಪುಜನರನ್ನು ಹಾಗೇ ಕೊಲ್ಲುತ್ತಿದ್ದ ದೇಶದಲ್ಲಿ ಒಬ್ಬ ಕಪ್ಪು ಹೆಂಗಸು ದನಿ ಏರಿಸದೆ ಅದನ್ನು ಹಾಡುವಾಗ ನಗು ಬರುವುದಿಲ್ಲ.

## ಬೇರೆಯವರ ಹಾಡು ಹಾಡಲು ಅನುಮತಿ ಬೇಡವೇ?

ಅಮೆರಿಕದ ಕಾನೂನಿನಲ್ಲಿ ಒಂದು ಅನುಕೂಲ ಇದೆ. ಹಾಡು ಒಮ್ಮೆ ರೆಕಾರ್ಡ್ ಆಗಿ ಹೊರಬಂದರೆ, ನಿಗದಿತ ಶುಲ್ಕ ಕೊಟ್ಟು ಯಾರು ಬೇಕಾದರೂ ಅದನ್ನು ಮತ್ತೆ ಹಾಡಿ ರೆಕಾರ್ಡ್ ಮಾಡಬಹುದು. ಹಾಡಿನ ಮೂಲ ರೂಪ ಕೆಡಿಸಬಾರದು ಅಷ್ಟೇ. 1909ರ ಕಾಯ್ದೆ ಗೊತ್ತುಮಾಡಿದ್ದ ದರ ಪ್ರತಿಗೆ, ಹಾಡೊಂದಕ್ಕೆ 2 ಸೆಂಟ್. 1956ರಲ್ಲೂ ಅದೇ ಇತ್ತು. ಲೆಕ್ಕ ಹಾಕಿದರೆ 32 ಹಾಡಿಗೆ ಒಂದು ಜೊತೆ ರೆಕಾರ್ಡಿಗೆ 64 ಸೆಂಟ್.

ನಮ್ಮ ದೇಶದಲ್ಲೂ 2012ರ ತಿದ್ದುಪಡಿಯ ನಂತರ ಕೃತಿಸ್ವಾಮ್ಯ ಕಾಯ್ದೆಯ 31ಸಿ ಕಲಂ ಕವರ್ ಹಾಡಿಗೆ ಅವಕಾಶ ಕೊಡುತ್ತದೆ. ಆದರೆ ಮೊದಲ ರೆಕಾರ್ಡಿಂಗ್ ಆದ ವರ್ಷ ಮುಗಿದು ಐದು ವರ್ಷ ಕಳೆದಿರಬೇಕು. ಮೊದಲೇ ನೋಟಿಸ್ ಕೊಡಬೇಕು. ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಲ್ಟಿ ಕಟ್ಟಬೇಕು. ಸುಮ್ನೆ ಹಾಡಿ ಯೂಟ್ಯೂಬಿಗೆ ಹಾಕುವವರು ಇದನ್ನು ತಿಳಿದಿರುವುದು ಒಳ್ಳೆಯದು.

## ಅಲ್ಲಿಂದ ಮುಂದೆ

ಪೋರ್ಟರ್ ಆಲ್ಬಮ್ ಗೆದ್ದ ಮೇಲೆ ಎಲಾ ನಿಲ್ಲಲಿಲ್ಲ. 1964ರ ತನಕ ಅದೂ ಸೇರಿ ಒಟ್ಟು ಎಂಟು ಸಾಂಗ್‌ಬುಕ್. ಉಳಿದ ಏಳು ಇವರ ಹಾಡುಗಳವು: ರಾಜರ್ಸ್ ಮತ್ತು ಹಾರ್ಟ್, ಡ್ಯೂಕ್ ಎಲಿಂಗ್ಟನ್, ಅರ್ವಿಂಗ್ ಬರ್ಲಿನ್, ಗರ್ಶ್ವಿನ್ ಸೋದರರು, ಹೆರಾಲ್ಡ್ ಆರ್ಲೆನ್, ಜೆರೋಮ್ ಕರ್ನ್, ಜಾನಿ ಮರ್ಸರ್. 1959ರ ಗರ್ಶ್ವಿನ್ ಸಂಪುಟವೇ ಐದು ಎಲ್‌ಪಿ. ನಮ್ಮ ಹಾಡುಗಳು ಇಷ್ಟು ಚೆನ್ನಾಗಿವೆ ಅಂತ ಎಲಾ ಹಾಡುವ ತನಕ ಗೊತ್ತಿರಲಿಲ್ಲ ಎಂದು ಐರಾ ಗರ್ಶ್ವಿನ್ ಹೇಳಿದ ಮಾತು ಪ್ರಸಿದ್ಧ. 1959ರಲ್ಲಿ ಗ್ರ್ಯಾಮಿ ಪ್ರಶಸ್ತಿ ಶುರುವಾದಾಗ ಮೊದಲ ವರ್ಷವೇ ಎಲಾಗೆ ಎರಡು ಬಂದವು. ಒಂದು ಬರ್ಲಿನ್ ಸಂಪುಟಕ್ಕೆ, ಇನ್ನೊಂದು ಎಲಿಂಗ್ಟನ್ ಸಂಪುಟಕ್ಕೆ. ಪೋರ್ಟರ್ ಆಲ್ಬಮ್ಮನ್ನು 2003ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕಾಪಿಡಬೇಕಾದ ರೆಕಾರ್ಡಿಂಗುಗಳ ಪಟ್ಟಿಗೆ ಸೇರಿಸಿತು.

ಅಕ್ಕನ ಮಗನಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ. ಮೊದಲು ಗಾಗಾ ಮತ್ತು ಬೆನೆಟ್ ಹಾಡಿದ ‘ಐವ್ ಗಾಟ್ ಯು ಅಂಡರ್ ಮೈ ಸ್ಕಿನ್’ ಹಾಕಿದೆ. ಆಮೇಲೆ ಸಿನಾತ್ರಾ. ಕೊನೆಗೆ ಎಲಾ. ಮೂರನೆಯದು ಮುಗಿದಾಗ ಅವನು, “ಓ, ಹಾಡು ಈಗ ಗೊತ್ತಾಯ್ತು” ಅಂದ.

ಪೋರ್ಟರ್ ಕೂಡ ಹೀಗೇ ಕೂತು ಕೇಳಿದ್ದನಂತೆ. ನ್ಯೂಯಾರ್ಕಿನ ವಾಲ್ಡಾರ್ಫ್ ಹೋಟೆಲಿನಲ್ಲಿ ಅವನಿದ್ದ ಕೋಣೆಗೆ ಗ್ರ್ಯಾಂಜ್ ರೆಕಾರ್ಡ್ ಒಯ್ದು ಕೇಳಿಸಿದರು. ತನ್ನದೇ 32 ಹಾಡು, ಸುಮಾರು ಎರಡು ಗಂಟೆ. ಅದನ್ನು ಕೇಳಿ ಪೋರ್ಟರ್ ಆಡಿದ್ದು ಒಂದೇ ಮಾತು ಅಂತ ಕಥೆ ಇದೆ: ಅಬ್ಬಾ, ಈ ಹುಡುಗಿಯ ಉಚ್ಚಾರ ಎಷ್ಟು ಚೆಂದ!